ಮೂರರ ಮೇಲೆ, ಐದರ ಕೆಳಗೆ

ಪಟ್ಟಿಯಲ್ಲಿ ಆರು ಸಾಲುಗಳಿದ್ದವು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಬೇರೆ ಸೀಮೆಯವರು ಯಾರಾದರೂ ನೋಡಿದ್ದರೆ ಇದರಲ್ಲಿ ತಪ್ಪೇನಿದೆ ಎಂದು ಕೇಳುತ್ತಿದ್ದರು. ಶಿನ್‌ರುಯಿ ಮಾತ್ರ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಎಣಿಸಿದಳು. ಮೇ ತಿಂಗಳ ಮಧ್ಯಾಹ್ನ. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಲಿಫ್ಟಿನ ಬಾಗಿಲೆದುರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಅವಳ ಬೆನ್ನಿಗೆ ಅಂಗಿ ಬೆವರಿನಿಂದ ಅಂಟಿಕೊಂಡಿತ್ತು. ಆದರೂ ಕತ್ತಿನ ಹಿಂದೆ ಯಾರೋ ತಣ್ಣನೆಯ ಉಸಿರು ಬಿಟ್ಟಂತಾಯಿತು.

ಆ ಕಟ್ಟಡದಲ್ಲಿ ನಾಲ್ಕನೆಯ ಮಹಡಿ ಇರಲಿಲ್ಲ. ಅಲ್ಲಿಯ ಮಾತಿನಲ್ಲಿ ನಾಲ್ಕು ಎಂದರೆ ಸಾವು ಎಂದ ಹಾಗೆಯೇ ಕೇಳುತ್ತದೆ. ಆ ಸಾವಿನ ಅಂಕಿಯನ್ನು ಬಾಗಿಲ ಮೇಲೆ ಬರೆದು, ಕಾಯಿಲೆಯವರನ್ನು ಅದರೊಳಗೆ ಮಲಗಿಸುವಷ್ಟು ಗಟ್ಟಿ ಎದೆ ಯಾರಿಗಿದೆ? ಮೂರು ಮುಗಿದರೆ ಐದು, ಐದಾದ ಮೇಲೆ ಆರು. ಲಿಫ್ಟಿನ ಗುಂಡಿಗಳೂ ಹಾಗೆಯೇ ಇದ್ದವು. ಮೂರರ ಗುಂಡಿಗೂ ಐದರ ಗುಂಡಿಗೂ ನಡುವೆ ಒಂದು ಬೆರಳು ಇಡುವಷ್ಟು ಖಾಲಿ ಜಾಗ, ಅಷ್ಟೆ.

ಸೋಮವಾರ ಅವಳು ರಾಜಧಾನಿ ತೈಪೆಯಿಂದ ರೈಲು ಹತ್ತಿ ದ್ವೀಪದ ಪೂರ್ವ ತೀರದ ಹುವಾಲಿಯೆನ್‌ಗೆ ಬಂದದ್ದು ಒಂದೇ ಕೆಲಸಕ್ಕೆ. ಏಪ್ರಿಲಿನ ದೊಡ್ಡ ಭೂಕಂಪದ ನಂತರ ಆಸ್ಪತ್ರೆಯವರು ಲಿಫ್ಟುಗಳನ್ನೆಲ್ಲ ಹೊಸದಾಗಿ ಪರೀಕ್ಷಿಸುತ್ತಿದ್ದರು. ಕಂಪನದ ಎಚ್ಚರಿಕೆ ಬಂದ ಹತ್ತು ಸೆಕೆಂಡಿನೊಳಗೆ ಲಿಫ್ಟು ಹತ್ತಿರದ ಮಹಡಿಯಲ್ಲಿ ನಿಂತು ಬಾಗಿಲು ತೆರೆದಿರಬೇಕು. ಇಲ್ಲದಿದ್ದರೆ ಶುಕ್ರವಾರ ಬರುವ ತಪಾಸಣೆಯವರು ಅದಕ್ಕೆ ಬೀಗ ಮುದ್ರೆ ಹಾಕಿ ಹೋಗುತ್ತಾರೆ. ಇರುವ ಮೂರು ಲಿಫ್ಟುಗಳಲ್ಲಿ ಹಾಸಿಗೆ ಹಿಡಿಸುವುದು ಇದೊಂದೇ, ದೊಡ್ಡದು. ಆರನೆಯ ಮಹಡಿಯಲ್ಲಿ ಡಯಾಲಿಸಿಸ್ ವಾರ್ಡು. ದಿನಕ್ಕೆ ನಲವತ್ತು ಮಂದಿ. ಅರ್ಧದಷ್ಟು ಜನಕ್ಕೆ ಎದ್ದು ನಿಲ್ಲಲೂ ಆಗದು. ಬೀಗ ಬಿದ್ದರೆ ಅವರನ್ನು ಮೆಟ್ಟಿಲ ಮೇಲೆ ಹೊತ್ತು ಹತ್ತಿಸಬೇಕು, ಹೊತ್ತು ಇಳಿಸಬೇಕು. ಅಥವಾ ಅವರು ಬರುವುದನ್ನೇ ಬಿಡಬೇಕು.

ಈ ಲಿಫ್ಟಿನ ಮಿದುಳು, ಅಂದರೆ ಅದರ ಪ್ರೋಗ್ರಾಮು, ಶಿನ್‌ರುಯಿಯ ಕಂಪನಿಯದು. ಮೊದಲ ಮೂರು ಪರೀಕ್ಷೆಗಳಲ್ಲೂ ಅದು ಹನ್ನೊಂದೂವರೆ ಸೆಕೆಂಡು ತೆಗೆದುಕೊಂಡಿತ್ತು. ಆ ಒಂದೂವರೆ ಸೆಕೆಂಡು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅವಳು ಸಮಯ ಅಳೆಯುವ ಲೈಬ್ರರಿಯನ್ನು, ಅಂದರೆ ಸಿದ್ಧ ಪ್ರೋಗ್ರಾಮಿನ ತುಣುಕೊಂದನ್ನು, ಅದರೊಳಗೆ ಸೇರಿಸಿದ್ದಳು. ಪ್ರೋಗ್ರಾಮಿನ ಒಂದೊಂದು ಕೆಲಸದ ಬಾಗಿಲಿಗೂ ಒಂದೊಂದು ಗಡಿಯಾರ ಕಟ್ಟಿದ ಹಾಗೆ ಅದು. ಕೆಲಸ ಶುರುವಾದಾಗ ಗಡಿಯಾರ ಓಡುತ್ತದೆ, ಮುಗಿದಾಗ ನಿಲ್ಲುತ್ತದೆ. ಕೊನೆಗೆ ಯಾವ ಕೆಲಸ ಎಷ್ಟು ಸಲ ಶುರುವಾಯಿತು, ಎಷ್ಟು ಸಲ ಮುಗಿಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಪಟ್ಟಿ ಕೊಡುತ್ತದೆ. ಒಂದೊಂದು ಮಹಡಿಗೆ ಒಂದೊಂದು ಸಾಲು.

ನಾಲ್ಕರ ಸಾಲಿನಲ್ಲಿ ಹೀಗಿತ್ತು: ಶುರುವಾದದ್ದು ಇಪ್ಪತ್ತೇಳು. ಮುಗಿದದ್ದು ಇಪ್ಪತ್ತಾರು. ಇನ್ನೂ ಓಡುತ್ತಿರುವುದು ಒಂದು.

ಆ ಓಡುತ್ತಿರುವ ಗಡಿಯಾರ ಸೋಮವಾರ ಬೆಳಿಗ್ಗೆ, ಅವಳು ಲೈಬ್ರರಿ ಸೇರಿಸಿದ ನಿಮಿಷದಿಂದಲೇ ಓಡುತ್ತಿತ್ತು. ಐವತ್ತೊಂದು ಗಂಟೆ. ಅವಳು ನೋಡುತ್ತಿದ್ದ ಹಾಗೆಯೇ ಸೆಕೆಂಡುಗಳು ಏರುತ್ತಿದ್ದವು.

"ಏನಮ್ಮ ಎಂಜಿನಿಯರಮ್ಮ, ದೆವ್ವ ನೋಡ್ದೋಳ ಥರ ಕೂತಿದೀಯ?"

ಲಿಫ್ಟುಗಳ ರಿಪೇರಿ ನೋಡಿಕೊಳ್ಳುವ ಆ-ಹೋಕ್ ಮೆಟ್ಟಿಲು ಇಳಿದು ಬರುತ್ತಿದ್ದ. ಐವತ್ತೈದರ ಆಸುಪಾಸು, ಅಡಿಕೆ ಜಗಿದು ಕೆಂಪಾದ ಹಲ್ಲು, ಸೊಂಟದಲ್ಲಿ ಸ್ಪಾನರುಗಳ ಗಲಗಲ.

"ಹೋಕಣ್ಣ, ಈ ಲಿಫ್ಟು ನಾಲ್ಕನೇ ಮಹಡೀಲಿ ನಿಲ್ತಿದೆ."

ಆತ ನಗುತ್ತಾನೆ ಎಂದುಕೊಂಡಿದ್ದಳು. ಆತ ನಗಲಿಲ್ಲ. ಬಾಯಲ್ಲಿದ್ದುದನ್ನು ಕಾಗದದ ಲೋಟಕ್ಕೆ ಉಗುಳಿ, "ಓ, ಅದಾ" ಎಂದ.

"ಅದಾ ಅಂದ್ರೆ? ನಿಮಗೆ ಗೊತ್ತಿತ್ತಾ?"

"ಮೂರರಲ್ಲಿ ನಿಂತಾಗೆಲ್ಲ ಬಾಗಿಲು ಎರಡು ಸಲ ತೆಗಿಯುತ್ತೆ. ಒಂದ್ಸಲ ತೆಗೆದು, ಮುಚ್ಚಿ, ಇನ್ನೊಂದ್ಸಲ. ಬಾಗಿಲ ಸೆನ್ಸರ್ ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸ್ದೆ. ಮೋಟರ್ ಬಿಚ್ಚಿದೆ. ಹಳಿಗೆ ಎಣ್ಣೆ ಬಿಟ್ಟೆ. ಆಮೇಲೆ ಸುಮ್ನಾದೆ."

"ಯಾಕೆ ಸುಮ್ನಾದ್ರಿ?"

"ಕಾದು ನೋಡು. ಬಾಯಲ್ಲಿ ಹೇಳಿದ್ರೆ ನಿಮ್ಮಂಥ ಓದಿದೋರು ನಂಬಲ್ಲ."

ಲಿಫ್ಟು ಮೇಲಿನಿಂದ ಬಂದಿತು. ಬಾಗಿಲು ತೆರೆಯಿತು. ಒಳಗೆ ಐದಾರು ಜನ: ಒಬ್ಬ ನರ್ಸು, ಹಣ್ಣಿನ ಚೀಲ ಹಿಡಿದ ದಂಪತಿ, ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ. ಯಾರೂ ಹೊರಗೆ ಬರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಬಾಗಿಲ ಮೇಲಿದ್ದ ಕೆಂಪು ಅಂಕಿ ಆರಿತು. ಮೂರೂ ಇಲ್ಲ, ಐದೂ ಇಲ್ಲ, ಬರೀ ಕಪ್ಪು ಗಾಜು. ಎರಡು ಸೆಕೆಂಡು. ಆಮೇಲೆ ಮೂರು ಎಂದು ಬೆಳಗಿ ಬಾಗಿಲು ಮತ್ತೆ ತೆರೆದುಕೊಂಡಾಗ ಒಳಗಿದ್ದವರೆಲ್ಲ ಎಡಗಡೆಯ ಗೋಡೆಗೆ ಒತ್ತರಿಸಿ ನಿಂತಿದ್ದರು. ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಗಾಲಿಕುರ್ಚಿಯ ಅಜ್ಜಿ ಕಾಲನ್ನೂ ಒಳಗೆ ಎಳೆದುಕೊಂಡಿದ್ದಳು. ಅದಾದ ಮೇಲೆಯೇ ಹಣ್ಣಿನ ಚೀಲದವರು ಇಳಿದದ್ದು. ಅವರೂ ಆ ಖಾಲಿ ಜಾಗವನ್ನು ತುಳಿಯದೆ ಸುತ್ತಿ ಬಂದರು.

"ಯಾರು ಹೇಳಿಕೊಟ್ರು ಇವರಿಗೆ?" ಶಿನ್‌ರುಯಿ ಪಿಸುಗುಟ್ಟಿದಳು.

"ಯಾರೂ ಇಲ್ಲ," ಎಂದ ಆ-ಹೋಕ್. "ಬಾಗಿಲು ಸುಮ್ಮನೆ ಇನ್ನೊಂದ್ಸಲ ತೆಗೆದ್ರೆ ಜನ ಸರಿದು ಜಾಗ ಬಿಡ್ತಾರೆ. ನೀನಾಗಿದ್ರೂ ಬಿಡ್ತಿದ್ದೆ."

ಆತ ಹೋದ ಮೇಲೆ ಅವಳು ಪ್ರೋಗ್ರಾಮಿನೊಳಗೆ ಇಳಿದಳು. ಮಹಡಿಗಳ ಕೋಷ್ಟಕ ಹುಡುಕುವುದು ಕಷ್ಟವಾಗಲಿಲ್ಲ. ಒಂದೊಂದು ಮಹಡಿಗೂ ನೆಲದಿಂದ ಎಷ್ಟು ಎತ್ತರ ಎಂದು ಬರೆದಿತ್ತು. ಮೂರಕ್ಕೆ ಎಂಟು ಮೀಟರು. ನಾಲ್ಕಕ್ಕೂ ಎಂಟು ಮೀಟರು. ಅದಕ್ಕೇ ಲಿಫ್ಟು ಅಲ್ಲಾಡದೆ ನಿಂತಲ್ಲೇ ಎರಡು ಮಹಡಿ ಮುಗಿಸುತ್ತಿತ್ತು. ಯಾರೋ ಬೇಕೆಂದೇ, ಲೆಕ್ಕ ಹಾಕಿ, ಇಲ್ಲದ ಮಹಡಿಗೆ ಒಂದು ನೆಲೆ ಕೊಟ್ಟಿದ್ದರು. ಆ ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ ಇತ್ತು.

'ಈ ಸಾಲು ತೆಗೆಯಬೇಡಿ. ಹತ್ತುವವರಿದ್ದಾರೆ. — ತು.'

ಶಿನ್‌ರುಯಿ ಲ್ಯಾಪ್‌ಟಾಪು ಮುಚ್ಚಿದಳು.

ತು ಮೇಸ್ತ್ರಿ. ಕಂಪನಿಯಲ್ಲಿ ಎಲ್ಲರೂ ಆತನನ್ನು ಹಾಗೇ ಕರೆಯುತ್ತಿದ್ದರು. ಕಾಲೇಜು ಮುಗಿಸಿ ಬಂದ ಅವಳನ್ನು ಐದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವನು. ಅವಳು ಯಾವ ತೊಂದರೆ ಹಿಡಿದು ಬಂದರೂ, "ಊಹೆ ಬೇಡ ರುಯಿ, ಅಳೆದ್ಯಾ?" ಎಂದೇ ಕೇಳುತ್ತಿದ್ದ. ಗಡಿಯಾರಗಳನ್ನು ಕಟ್ಟಲು ಕಲಿಸಿದ್ದೂ ಆತನೇ. ಮೂತ್ರಪಿಂಡ ಕೈಕೊಟ್ಟ ಮೇಲೆ ಹುಟ್ಟಿದೂರಾದ ಹುವಾಲಿಯೆನ್‌ಗೆ ಬಂದು ಇಲ್ಲಿಂದಲೇ ಕೆಲಸ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಬುಧವಾರ ಎರಡು ಸಲ ಅವಳಿಗೆ ಫೋನು ಮಾಡಿದ್ದ. ಅವಳು ಮೀಟಿಂಗಿನಲ್ಲಿದ್ದಳು, ಆಮೇಲೆ ಮಾಡಿದರಾಯಿತು ಎಂದುಕೊಂಡಳು. ಆಮೇಲೆ ಎನ್ನುವುದು ಬರಲಿಲ್ಲ. ಶವಸಂಸ್ಕಾರಕ್ಕೆ ಕಂಪನಿಯಿಂದ ಹೂವಿನ ಹಾರ ಹೋಯಿತು, ಅವಳು ಹೋಗಲಿಲ್ಲ. ಆ ವಾರ ಯಾವುದೋ ಗಿರಾಕಿಗೆ ಏನೋ ಕಳಿಸಬೇಕಿತ್ತು. ಏನೆಂದು ಈಗ ನೆನಪಿಲ್ಲ.

ಆರನೆಯ ಮಹಡಿಗೆ ಅವಳು ಮೆಟ್ಟಿಲಲ್ಲೇ ಹತ್ತಿ ಹೋದಳು.

ವಾರ್ಡಿನ ಹೆಡ್ ಸಿಸ್ಟರ್ ಪನಾಯ್ ಅಗಲ ಮುಖದ, ದೊಡ್ಡ ದನಿಯ ಹೆಂಗಸು. ಕಡಲ ತೀರದ ಆಮಿಸ್ ಬುಡಕಟ್ಟಿನವಳು. ತು ಮೇಸ್ತ್ರಿಯ ಹೆಸರು ಕೇಳಿದ್ದೇ ಕೈಯ ಗ್ಲೌಸು ಕಳಚಿದಳು.

"ಆ ಕಿಟಕಿ ಪಕ್ಕದ ಹಾಸಿಗೆ. ವಾರಕ್ಕೆ ಮೂರು ದಿನ, ನಾಲ್ಕು ವರ್ಷ. ಎಡಗೈಗೆ ಸೂಜಿ, ಬಲಗೈಲಿ ಟಕ ಟಕ ಟಕ. ಬಿಡಿ ಮೇಸ್ತ್ರಿ ಸ್ವಲ್ಪ ಮಲಗಿ ಅಂದ್ರೆ, ಮಲಗೋಕೆ ಮುಂದೆ ಬೇಕಾದಷ್ಟು ಟೈಮಿದೆ ಅನ್ನೋರು. ನೀನು ರುಯಿ ಅಲ್ವಾ? ನಿನ್ನ ಸುದ್ದಿ ಹೇಳೋರು. ಚುರುಕು ಹುಡುಗಿ, ಆದ್ರೆ ಫೋನ್ ಎತ್ತಲ್ಲ ಅನ್ನೋರು."

"ಪನಾಯಕ್ಕ, ಲಿಫ್ಟಲ್ಲಿ ಒಂದು ಸಾಲು ಬರೆದಿಟ್ಟಿದಾರೆ. ಇಲ್ಲದ ಮಹಡೀದು."

ಪನಾಯ್ ಕಿಟಕಿ ಪಕ್ಕದ ಹಾಸಿಗೆಯ ಕಡೆ ನೋಡಿದಳು. ಕೊಳವೆಗಳಲ್ಲಿ ರಕ್ತ ತಿರುಗುವ ಸಣ್ಣ ಗುಂಯ್ ಸದ್ದು ವಾರ್ಡಿನ ತುಂಬ ಇತ್ತು.

"ಅವರ ಪಕ್ಕದಲ್ಲಿ ಒಬ್ಬ ಮುದುಕ ಮಲಗ್ತಿದ್ದ. ಮೀನುದೋಣಿಯವನು. ಹಿಂದಿಲ್ಲ ಮುಂದಿಲ್ಲ. ಒಂದು ಬೆಳಿಗ್ಗೆ ಹಾಸಿಗೇಲೇ ಹೋಗ್ಬಿಟ್ಟ. ಮನೆಯವರಿದ್ರೆ ಕರ್ಕೊಂಡು ಹೋಗ್ತಾರಲ್ಲ? ಅಪ್ಪಾ, ಬಾಗಿಲು ದಾಟ್ತಿದೀವಿ. ಅಪ್ಪಾ, ಲಿಫ್ಟ್ ಹತ್ತು. ಅಪ್ಪಾ, ಸೇತುವೆ ಬಂತು. ಹಾಗೆ ದಾರಿಯುದ್ದಕ್ಕೂ ಹೇಳ್ತಾ ಹೋಗ್ಬೇಕು. ಹೇಳದಿದ್ರೆ ಮೈ ಮಾತ್ರ ಹೋಗುತ್ತೆ, ಜೀವ ದಿಕ್ಕು ತಪ್ಪಿ ನಿಂತುಬಿಡುತ್ತೆ ಅಂತ. ನಮ್ಮ ಜನದ ಪದ್ಧತಿ ಬೇರೆ. ಆದ್ರೆ ಇಪ್ಪತ್ತು ವರ್ಷ ಈ ವಾರ್ಡಲ್ಲಿ ಕೇಳಿ ಕೇಳಿ ನನಗೂ ಬಾಯಿಪಾಠ. ಆ ಮುದುಕನ್ನ ಯಾರೂ ಕರೀಲಿಲ್ಲ. ಆಳು ಬಂದ, ತಳ್ಕೊಂಡು ಹೋದ. ಮೇಸ್ತ್ರಿ ಎಲ್ಲಾ ನೋಡ್ತಾ ಮಲಗಿದ್ರು. ಸಂಜೆ ಕೇಳಿದ್ರು: 'ಪನಾಯ್, ಅವನು ಈಗ ಎಲ್ಲಿ ನಿಂತಿರ್ತಾನೆ? ಮಹಡಿಗಳೆಲ್ಲ ಬದುಕಿರೋರದ್ದು. ಅವನಿಗೆ ಅಂತ ಒಂದು ಮಹಡೀನೂ ಇಲ್ವಲ್ಲ.' ಆ ವಾರದಿಂದ ಬಾಗಿಲು ಎರಡು ಸಲ ತೆಗೆಯೋಕೆ ಶುರುವಾಯ್ತು."

"ಮೇಸ್ತ್ರೀನ ಯಾರು ಕರ್ಕೊಂಡು ಹೋದ್ರು?"

ಪನಾಯ್ ಕೈಯಲ್ಲಿದ್ದ ಗ್ಲೌಸನ್ನು ಉಂಡೆ ಮಾಡಿದಳು.

"ಜುಲೈ ಅದು. ಊರಲ್ಲಿ ಸುಗ್ಗಿ ಕುಣಿತ. ನಾನು ರಜೆ ಹಾಕಿ ಹೋಗಿದ್ದೆ. ಬಂದು ನೋಡಿದ್ರೆ ಹಾಸಿಗೆಗೆ ಹೊಸ ಬಟ್ಟೆ ಹಾಸಿದ್ರು. ತಳ್ಕೊಂಡು ಹೋದೋನು ಹೊಸ ಆಳು, ಪಾಪ, ಕರೀಬೇಕು ಅಂತ ಅವನಿಗೆ ಗೊತ್ತಿರ್ಲಿಲ್ಲ."

"ಸಿಸ್ಟರೇ, ಕಥೆ ಆಮೇಲೆ ಹೇಳಿ, ನನ್ನ ಹೊಟ್ಟೆ ಚುರುಗುಡ್ತಿದೆ!" ಎಂದು ಮೂಲೆಯ ಹಾಸಿಗೆಯಿಂದ ಒಂದು ದನಿ ಬಂತು. ಪೆಂಗ್ ತಾತ, ಎಂಬತ್ತೆರಡು ವರ್ಷ, ಬೆಳಿಗ್ಗೆಯ ಪಾಳಿ ಮುಗಿದಿತ್ತು. ನೀರು ಕುಡಿಯಲು ಬಿಡದ ಕಾರಣ ಒಂದು ಐಸಿನ ಚೂರನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಚೀಪುತ್ತಿದ್ದ. ಅವನನ್ನು ನೋಡಿಕೊಳ್ಳುವ ಸುಮಿಯಾತಿ ಇಂಡೋನೇಷ್ಯಾದ ಹುಡುಗಿ, ತಲೆಗೆ ಹಳದಿ ವಸ್ತ್ರ ಸುತ್ತಿದವಳು, ಹಾಸಿಗೆಯ ಗಾಲಿಯ ಬ್ರೇಕು ತೆಗೆಯುತ್ತಿದ್ದಳು.

"ನಾನೂ ಕೆಳಗೆ ಬರ್ತೀನಿ ತಾತ," ಎಂದು ಶಿನ್‌ರುಯಿ ಹಾಸಿಗೆಯ ಒಂದು ತುದಿ ಹಿಡಿದಳು. ಲಿಫ್ಟಿನಲ್ಲಿ ತಾನೇ ಒಮ್ಮೆ ನಿಂತು ನೋಡಬೇಕೆನಿಸಿತ್ತು.

"ಬಾ ಬಾ. ಇಬ್ಬರು ಹುಡುಗೀರು ತಳ್ತಿದ್ರೆ ಊರೆಲ್ಲ ಹೊಟ್ಟೆ ಉರ್ಕೊಳ್ಳುತ್ತೆ."

"ತಾತ ಬಾಯಿ ಮುಚ್ಚು. ಐಸ್ ಬೀಳುತ್ತೆ," ಎಂದಳು ಸುಮಿಯಾತಿ.

ಬಾಗಿಲು ಮುಚ್ಚಿ ಲಿಫ್ಟು ಇಳಿಯತೊಡಗಿತು. ಐದು ಎಂದು ಬೆಳಗಿ ಆರಿತಷ್ಟೆ. ಆಗ ಮೂವರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು.

ಭೂಕಂಪದ ಎಚ್ಚರಿಕೆಯ ಆ ಸದ್ದು ಈ ದ್ವೀಪದ ಮಕ್ಕಳಿಗೂ ಗೊತ್ತು. ಪೆಂಗ್ ತಾತ ಕಣ್ಣು ಮುಚ್ಚಿ ಕಂಬಿ ಹಿಡಿದ. ಲಿಫ್ಟು ಬುಸುಗುಟ್ಟಿ ನಿಧಾನವಾಯಿತು, ನಿಂತಿತು. ಆಗಲೇ ನೆಲ ಎಡಕ್ಕೂ ಬಲಕ್ಕೂ ಜಾರತೊಡಗಿತ್ತು. ಎಲ್ಲೋ ಗಾಜು ಒಡೆಯಿತು. ಬಾಗಿಲು ತೆರೆಯಿತು, ಎದುರಿಗೆ ಮೂರನೆಯ ಮಹಡಿಯ ಬೆಳಕು. "ತಳ್ಳು!" ಎಂದಳು ಶಿನ್‌ರುಯಿ. ಮುಂದಿದ್ದ ಸುಮಿಯಾತಿ ಹಾಸಿಗೆಯ ಕಂಬಿ ಹಿಡಿದು ಹೊರಕ್ಕೆ ಎಳೆದಳು. ಹಾಸಿಗೆಯ ಅರ್ಧ ಹೊರಗೆ, ಅರ್ಧ ಒಳಗೆ.

ಬಾಗಿಲು ಮುಚ್ಚಿಕೊಳ್ಳಲು ಬಂತು.

ಬೇರೆ ದಿನವಾಗಿದ್ದರೆ ಮುಟ್ಟಿದ್ದೇ ಹಿಂದೆ ಸರಿಯುತ್ತಿತ್ತೋ ಏನೋ. ಕಂಪನದ ಹೊತ್ತಿನಲ್ಲಿ ಅದು ತನಗೆ ಹೇಳಿದ ಕೆಲಸವನ್ನು ಹಟ ಹಿಡಿದು ಮಾಡುತ್ತಿತ್ತು. ಎರಡೂ ಕಡೆಯ ಉಕ್ಕಿನ ರೆಕ್ಕೆಗಳು ಹಾಸಿಗೆಯನ್ನು ಹಿಡಿದು ಒತ್ತಿದವು. ಸುಮಿಯಾತಿಯ ಕೈ ಕಂಬಿಗೂ ಬಾಗಿಲಿಗೂ ನಡುವೆ ಸಿಕ್ಕಿತು. ಅವಳು ತನ್ನ ಭಾಷೆಯಲ್ಲಿ ಕೂಗಿಕೊಂಡಳು. ಶಿನ್‌ರುಯಿ ತಲೆ ಎತ್ತಿದಳು. ಅಂಕಿ ಇರಬೇಕಾದ ಕಡೆ ಕಪ್ಪು ಗಾಜು. ತಾನು ಹಾಸಿಗೆಯ ಎಡಗಡೆಗೆ ಯಾವಾಗ ಸರಿದು ನಿಂತಳೋ ಅವಳಿಗೇ ತಿಳಿಯಲಿಲ್ಲ. ಬಲಗಡೆ ಖಾಲಿ. ಆ ಖಾಲಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೆ ಕಟ್ಟಡವೆಲ್ಲ ನಡುಗುತ್ತಿದ್ದಾಗ ಅಲ್ಲಿಯ ಗಾಳಿಯೊಂದೇ ಯಾರೋ ತಾಳ್ಮೆಯಿಂದ ನಿಂತ ಹಾಗೆ ನಿಶ್ಚಲವಾಗಿತ್ತು.

ಮೂರು ಎಂದು ಬೆಳಗಿತು. ರೆಕ್ಕೆಗಳು ಬಿಟ್ಟುಕೊಂಡವು. ಹಾಸಿಗೆ ಹೊರಗೆ ಉರುಳಿತು.

ನಡುಕ ನಿಂತ ಮೇಲೆ ಪೆಂಗ್ ತಾತ ಕಣ್ಣು ತೆರೆದು, "ಐಸು ನುಂಗ್ಬಿಟ್ಟೆ" ಎಂದ. ಆಮೇಲೆ ಸುಮಿಯಾತಿಯ ಕೈ ನೋಡಿ ಅಳತೊಡಗಿದ. ಅವಳ ಎರಡು ಬೆರಳುಗಳು ಆಗಲೇ ನೇರಳೆ ಬಣ್ಣಕ್ಕೆ ತಿರುಗಿದ್ದವು. "ಏನಿಲ್ಲ ತಾತ, ಇನ್ನೊಂದು ಕೈ ಇದೆ," ಎಂದು ಅವಳು ಹೇಳುತ್ತಲೇ ಇದ್ದಳು.

ಆ ಸಲದ ಪಟ್ಟಿಯಲ್ಲಿ ಒಟ್ಟು ಹದಿಮೂರು ಸೆಕೆಂಡು ಎಂದಿತ್ತು. ಅದರಲ್ಲಿ ನಾಲ್ಕರ ಪಾಲು ಎಷ್ಟು ಎಂದು ನೋಡುವ ಅಗತ್ಯವಿರಲಿಲ್ಲ.

ತೀರ ಕೆಳಗಿನ ಮಹಡಿಯಲ್ಲಿ, ಲಿಫ್ಟನ್ನು ನಡೆಸುವ ಪೆಟ್ಟಿಗೆಯಿದ್ದ ಸಣ್ಣ ಕೋಣೆಯಲ್ಲಿ ಕೂತು ಅವಳು ಆ ಸಾಲನ್ನು ಅಳಿಸಿದಳು. ಟಿಪ್ಪಣಿಯನ್ನೂ. "ತಪ್ಪಾಯ್ತು ಮೇಸ್ತ್ರಿ, ಆದ್ರೆ ಇದು ಬೇಡ," ಎಂದು ಬಾಯಲ್ಲಿ ಬಂತು. ಹೊಸ ಪ್ರೋಗ್ರಾಮು ಪೆಟ್ಟಿಗೆಗೆ ಹೋಯಿತು. ಇನ್ನು ಹಳೆಯದು ನಿಲ್ಲಬೇಕು, ಹೊಸದು ಏಳಬೇಕು. ಅವಳು ನಿಲ್ಲು ಎಂದು ಅಪ್ಪಣೆ ಕೊಟ್ಟಳು.

ಅದು ನಿಲ್ಲಲಿಲ್ಲ. ಪರದೆಯ ಮೇಲೆ ಒಂದೇ ಸಾಲು: 'ಮಹಡಿ 4 ಮುಗಿಯುವುದಕ್ಕಾಗಿ ಕಾಯುತ್ತಿದೆ.'

ಲೈಬ್ರರಿಯ ಕಟ್ಟುನಿಟ್ಟು ಅದು. ಓಡುತ್ತಿರುವ ಗಡಿಯಾರ ಒಂದಿದ್ದರೂ ಹಳೆಯ ಪ್ರೋಗ್ರಾಮು ಜಾಗ ಬಿಡುವುದಿಲ್ಲ. ಬಾಗಿಲಿನಿಂದ ಬರಬೇಕಾದ ಯಾವುದೋ ಒಂದು ಮರುಮಾತು ಬಂದಿಲ್ಲ, ಅದಕ್ಕೇ ಗಡಿಯಾರ ತೆರೆದೇ ಉಳಿದಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕಾದಳು. ಹತ್ತು ನಿಮಿಷ. ಇಪ್ಪತ್ತು. ಐವತ್ಮೂರು ಗಂಟೆ ಎಂದು ತೋರಿಸುತ್ತಿತ್ತು.

"ಪ್ಲಗ್ ಕಿತ್ತು ಬಿಸಾಕು," ಎಂದ ಆ-ಹೋಕ್. "ಮನುಷ್ಯರಿಗಾದ್ರೆ ಮರ್ಯಾದೆ, ಪೆಟ್ಟಿಗೆಗೇನು?"

"ಕಿತ್ರೆ ನಿಲ್ಲುತ್ತೆ."

"ಮತ್ತೆ?"

ಅವಳು ಪರದೆಯ ಮೇಲಿನ ಆ ಸಾಲಿಗೆ ಬೆರಳಿಟ್ಟು ತೋರಿಸಿದಳು. ಅವನೂ ಕೀಳಲಿಲ್ಲ. ಕೈ ಪ್ಲಗ್ಗಿನ ತನಕ ಹೋಗಿ, ಯಾರದೋ ಮೈ ಮುಟ್ಟಲು ಹೋದವನ ಹಾಗೆ ಹಿಂದಕ್ಕೆ ಬಂದಿತು.

ಪನಾಯ್ ಸುಮಿಯಾತಿಯ ಬೆರಳಿಗೆ ಪಟ್ಟಿ ಕಟ್ಟಿಸಿ ಅಲ್ಲಿಗೆ ಬಂದಳು. ಬಾಗಿಲಲ್ಲಿ ನಿಂತು ಪರದೆಯ ಸಾಲನ್ನು ಓದಿದಳು. ತುಟಿ ಅಲುಗಿಸುತ್ತ ಎರಡು ಸಲ ಓದಿದಳು.

"ಒಳಗಡೆ ಒಬ್ಬರಿದ್ದಾರೆ ಅಂತ ಹೇಳ್ತಿದೆ," ಎಂದಳು. "ನೀನು ಬೀಗ ಹಾಕ್ತಿದೀಯ."

"ಪನಾಯಕ್ಕ, ಅದು ಪ್ರೋಗ್ರಾಮು ಅಷ್ಟೆ..."

"ಇರಬಹುದು. ಕರೆದು ಬಿಡು. ಕರೆದ್ರೆ ನಿನ್ನ ಗಂಟೇನು ಹೋಗುತ್ತೆ?"

"ನಾನಾ? ನಾನು ಮೇಸ್ತ್ರಿಗೆ ಏನೂ ಆಗಬೇಕಿಲ್ಲ."

"ಐದು ವರ್ಷ ಪಕ್ಕದಲ್ಲಿ ಕೂತು ಕಲಿತವಳು ಮಗಳಲ್ದೆ ಇನ್ನೇನು? ವಾರ್ಡಿನೋರೆಲ್ಲ ನೋಡಿದಾರೆ, ಅವರು ಕೊನೇ ದಿನ ಫೋನಲ್ಲಿ ಎರಡು ಸಲ ಯಾರನ್ನ ಕರೆದ್ರು, ನನ್ನನ್ನಾ?"

ಶಿನ್‌ರುಯಿ ಎದ್ದಳು.

ಆರನೆಯ ಮಹಡಿಯಲ್ಲಿ ಅವಳೊಬ್ಬಳೇ ದೊಡ್ಡ ಲಿಫ್ಟಿಗೆ ಹತ್ತಿದಳು. ಸಂಜೆಯ ಪಾಳಿ ಶುರುವಾಗಿತ್ತು, ಎಲ್ಲರೂ ಒಳಗಿದ್ದರು. ಮೂರರ ಗುಂಡಿ ಒತ್ತಿದಳು. ಐದು ಕಳೆಯಿತು. ಲಿಫ್ಟು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು. ಅಂಕಿ ಆರಿದ ಕಪ್ಪು ಗಾಜಿನಲ್ಲಿ ಅವಳ ಮುಖ ಮಸುಕಾಗಿ ಕಂಡಿತು. ಎಷ್ಟು ಸಲ ಅಳೆದಿದ್ದಳು ಈ ಎರಡು ಸೆಕೆಂಡನ್ನು! ಒಳಗೆ ನಿಂತವರಿಗೆ ಅದು ಎಷ್ಟು ಉದ್ದ ಎಂದು ಯಾವ ಪಟ್ಟಿಯೂ ಹೇಳಿರಲಿಲ್ಲ. ಬಾಗಿಲು ಮತ್ತೆ ತೆರೆದುಕೊಂಡಿತು. ಅವಳು ಎಡಗೋಡೆಗೆ ಸರಿದು ನಿಂತಳು.

"ತು ಮೇಸ್ತ್ರಿ, ನಾನು ರುಯಿ," ಎಂದಳು. ದನಿ ತೀರ ಸಣ್ಣದಾಯಿತು ಅನ್ನಿಸಿ ಮತ್ತೆ ಗಟ್ಟಿಯಾಗಿ ಹೇಳಿದಳು. "ಲಿಫ್ಟ್ ಬಂದಿದೆ. ಹತ್ತಿ. ತಡ ಆಯ್ತು, ಆದ್ರೂ ಬಂದಿದೀನಿ. ನಿಧಾನ. ಹೊಸ್ತಿಲಿದೆ."

ಎದುರು ಒಬ್ಬ ಮುದುಕಿ ಬಿಸಿನೀರಿನ ಫ್ಲಾಸ್ಕು ಹಿಡಿದು ನಿಂತಿದ್ದಳು. ಒಳಗೆ ಬರಲು ಒಂದು ಕಾಲು ಎತ್ತಿದವಳು ತಡೆದಳು. ಶಿನ್‌ರುಯಿಯನ್ನು ನೋಡಿದಳು, ಅವಳ ಬಲಗಡೆಗೆ ನೋಡಿದಳು, ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ನಾನು ಇನ್ನೊಂದರಲ್ಲಿ ಬರ್ತೀನಿ ಮಗಳೇ," ಎಂದಳು. "ನೀವಿಬ್ಬರೂ ಹೋಗಿ."

"ಈಗ ಕೆಳಗೆ ಹೋಗ್ತಿದೀವಿ ಮೇಸ್ತ್ರಿ," ಎಂದಳು ಶಿನ್‌ರುಯಿ, ಮುಚ್ಚುತ್ತಿರುವ ಬಾಗಿಲ ಕಡೆಗೆ ಮುಖ ಮಾಡಿ. ಪಕ್ಕಕ್ಕೆ ತಿರುಗಲಿಲ್ಲ. "ಎರಡು ದಾಟಿತು. ಒಂದು ಬಂತು. ಇಳೀಬೇಕು."

ಕೋಣೆಯ ಹೊರಗೆ ಆ-ಹೋಕ್ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ, ತುಂಬಿದ ಬಟ್ಟಲು ಹಿಡಿದವನ ಹಾಗೆ ಹಿಡಿದು ನಿಂತಿದ್ದ. ಬಾಯಿ ಖಾಲಿಯಾಗಿತ್ತು; ಅಡಿಕೆ ಯಾವಾಗ ಉಗುಳಿದನೋ.

"ನಿಂತಿತು," ಎಂದ. "ಈಗ ತಾನೇ. ನಾನು ಮುಟ್ಟಲಿಲ್ಲ."

ಪರದೆಯಲ್ಲಿ ಹೊಸ ಪ್ರೋಗ್ರಾಮು ಎದ್ದು ಕೂತಿತ್ತು. ಐದು ಸಾಲುಗಳ ಖಾಲಿ ಪಟ್ಟಿ, ಎಲ್ಲದರ ಮುಂದೂ ಸೊನ್ನೆ.

ಪರೀಕ್ಷೆಯನ್ನು ನಾಲ್ಕು ಸಲ ಮಾಡಿದರು. ಒಂಬತ್ತು ಸೆಕೆಂಡು, ಒಂಬತ್ತು, ಒಂಬತ್ತೂಕಾಲು, ಒಂಬತ್ತು. ಮೂರರಲ್ಲಿ ಬಾಗಿಲು ಒಂದೇ ಸಲ ತೆರೆದು, ತೆರೆದೇ ನಿಂತಿತು. ಪೆಂಗ್ ತಾತನನ್ನು ಅದರಲ್ಲೇ ಕೆಳಗೆ ತಂದು ಮನೆಗೆ ಕಳಿಸಿದರು. ಸುಮಿಯಾತಿ ಒಂದೇ ಕೈಯಿಂದ ಹಾಸಿಗೆ ತಳ್ಳುತ್ತಿದ್ದಳು, ಆ-ಹೋಕ್ ಇನ್ನೊಂದು ಕಡೆ ಹಿಡಿದಿದ್ದ. ಶಿನ್‌ರುಯಿ ಶುಕ್ರವಾರದ ಕಾಗದದ ಮೇಲೆ ಅಳತೆಗಳನ್ನು ಬರೆದು, 'ಅಳೆದವರು' ಎಂದಿದ್ದ ಕಡೆ ಸಹಿ ಹಾಕಿದಳು.

ಹೊರಡುವಾಗ ಪನಾಯ್ ಬಾಗಿಲ ತನಕ ಬಂದಳು.

"ಕರೆದ ಮೇಲೆ ಅರ್ಧ ದಾರೀಲಿ ಬಿಡಬಾರದು, ಗೊತ್ತಲ್ಲ? ಮೇಸ್ತ್ರಿ ಬೂದಿ ಇಟ್ಟಿರೋದು ನದಿಯಾಚೆ ಗುಡ್ಡದ ಮೇಲೆ, ಸತ್ತೋರ ಬೂದಿ ಇಡೋ ಗೋಪುರದಲ್ಲಿ. ಆರಕ್ಕೆ ಬಾಗಿಲು ಹಾಕ್ತಾರೆ. ಈಗ ಹೊರಟ್ರೆ ಸಿಗುತ್ತೆ."

"ನನಗೆ ಆರೂಕಾಲಿನ ರೈಲಿದೆ ಅಕ್ಕ."

"ರೈಲು ನಾಳೇನೂ ಇದೆ."

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಕಡಲ ಕಡೆಯಿಂದ ಉಪ್ಪುಗಾಳಿ ಬರುತ್ತಿತ್ತು. ಮೆಟ್ಟಿಲ ಹತ್ತಿರ, "ಮೂರು ಮೆಟ್ಟಿಲಿದೆ" ಎಂದಳು. ಡಾಂಬರು ರಸ್ತೆಗೆ ಬಂದು, "ಇಲ್ಲಿ ಗಾಡಿಗಳು ಜಾಸ್ತಿ, ಬಲಗಡೆಗೆ ಬನ್ನಿ" ಎಂದಳು. ಫೋನಿನಲ್ಲಿ ಮಾತಾಡುತ್ತಿದ್ದಾಳೆಂದು ಒಬ್ಬ ಹುಡುಗಿ ಪಕ್ಕಕ್ಕೆ ಸರಿದು ಹೋದಳು.

ಬಾಡಿಗೆಗೆ ತಂದಿದ್ದ ಸ್ಕೂಟರು ನೆರಳಿನಲ್ಲಿ ನಿಂತಿತ್ತು. ಅವಳು ಬಾಗಿ ಹಿಂದಿನ ಸೀಟಿನ ಪಾದದಾನಿಗಳನ್ನು ಬಿಡಿಸಿದಳು, ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು. ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದಳು. ಹತ್ತಿ ಕೂತು ಕೀಲಿ ತಿರುಗಿಸಿ, ಎರಡೂ ಕಾಲು ನೆಲಕ್ಕೆ ಊರಿ ಸ್ಕೂಟರನ್ನು ಗಟ್ಟಿಯಾಗಿ ಹಿಡಿದಳು. ಡಯಾಲಿಸಿಸ್ ಮುಗಿಸಿ ಬಂದವರಿಗೆ ಕಾಲಲ್ಲಿ ಶಕ್ತಿ ಇರುವುದಿಲ್ಲ. ಹಿಂದೆ ಒಂದು ಟ್ಯಾಕ್ಸಿ ಬಂದು ಜಾಗಕ್ಕಾಗಿ ಕಾದು ನಿಂತಿತು. ಅದರ ಚಾಲಕ ಹಾರನ್ ಒತ್ತಲಿಲ್ಲ. ಅವಳು ಕೈಗಡಿಯಾರ ನೋಡಲಿಲ್ಲ. ಸ್ಕೂಟರಿನ ಹಿಂಭಾಗ ಕೊಂಚ ಕುಸಿದಂತಾದಾಗ ಕಾಲನ್ನು ಮೇಲೆ ತೆಗೆದುಕೊಂಡು, ಸೇತುವೆಯ ಕಡೆಗೆ ನಿಧಾನವಾಗಿ ಹೊರಟಳು.